ಆರ್‌ಎಸ್‌ವಿ ಎಫ್ ಪ್ರೋಟೀನ್

ಆರ್‌ಎಸ್‌ವಿ ಎಫ್ ಪ್ರೋಟೀನ್ ಎಂಬುದು ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್ ಎಂಬ ಉಸಿರಾಟದ ವೈರಾಣುವಿನ ಹೊರಮೈಯಲ್ಲಿರುವ ಒಂದು ಪ್ರೋಟೀನ್. ವೈರಾಣುವಿನ ಪೊರೆಯನ್ನು ಮನುಷ್ಯನ ಜೀವಕೋಶದ ಪೊರೆಯೊಂದಿಗೆ ಬೆಸೆದು, ವೈರಾಣುವಿನ ಆನುವಂಶಿಕ ದ್ರವ್ಯವು ಕೋಶದೊಳಕ್ಕೆ ಸೇರಲು ದಾರಿಮಾಡಿಕೊಡುವುದು ಇದರ ಕೆಲಸ. ‘ಎಫ್’ ಎಂಬ ಅಕ್ಷರವು ಬೆಸುಗೆ ಅಥವಾ ಸಮ್ಮಿಳನ ಎಂಬ ಅರ್ಥದ ‘ಫ್ಯೂಷನ್’ ಪದದಿಂದ ಬಂದಿದೆ. ಆದ್ದರಿಂದ ಇದನ್ನು ಸಮ್ಮಿಳನ ಪ್ರೋಟೀನ್ ಎಂದೂ ಕರೆಯಬಹುದು.

ಈ ಪ್ರೋಟೀನಿಗೆ ಎರಡು ರೂಪಗಳಿವೆ. ಕೋಶವನ್ನು ಪ್ರವೇಶಿಸುವ ಮೊದಲು ಇರುವ ರೂಪ ಒಂದು. ಪ್ರವೇಶಿಸಿದ ನಂತರ ತಳೆಯುವ ರೂಪ ಇನ್ನೊಂದು. ವೈರಾಣುವನ್ನು ತಡೆಯಬಲ್ಲ ಅತ್ಯಂತ ಪ್ರಬಲ ಪ್ರತಿಕಾಯಗಳು ಮೊದಲನೆಯ ರೂಪವನ್ನು ಮಾತ್ರ ಗುರುತಿಸುತ್ತವೆ ಎಂಬ ಸಂಗತಿ 2013ರಲ್ಲಿ ಅಣುರಚನೆಯ ಮಟ್ಟದಲ್ಲಿ ಸ್ಪಷ್ಟವಾಯಿತು. ಅದಕ್ಕೂ ಮುಂಚೆ ಸುಮಾರು ಅರ್ಧ ಶತಮಾನದ ಕಾಲ ಈ ವೈರಾಣುವಿಗೆ ಲಸಿಕೆ ತಯಾರಿಸುವ ಪ್ರಯತ್ನಗಳು ವಿಫಲವಾಗಿದ್ದವು. ಅನಂತರದ ಹತ್ತು ವರ್ಷಗಳಲ್ಲಿ ಶಿಶುಗಳಿಗೆ ಪ್ರತಿಕಾಯದ ಚುಚ್ಚುಮದ್ದು, ಗರ್ಭಿಣಿಯರಿಗೆ ಲಸಿಕೆ ಮತ್ತು ವೃದ್ಧರಿಗೆ ಲಸಿಕೆಗಳು ಬಳಕೆಗೆ ಬಂದವು. ವೈರಾಣುವಿನ ಒಂದು ಪ್ರೋಟೀನಿನ ಆಕಾರವನ್ನು ಅರಿಯುವುದರಿಂದ ಚಿಕಿತ್ಸೆಯ ದಾರಿ ಹೇಗೆ ತೆರೆಯುತ್ತದೆ ಎಂಬುದಕ್ಕೆ ಇದು ಪ್ರಮುಖ ಉದಾಹರಣೆಯಾಗಿದೆ.

ವೈರಾಣು ಮತ್ತು ರೋಗ

ಆರ್‌ಎಸ್‌ವಿಯನ್ನು ಮೊದಲು ಗುರುತಿಸಿದ್ದು ಮನುಷ್ಯರಲ್ಲಲ್ಲ, ಚಿಂಪಾಂಜಿಗಳಲ್ಲಿ. ಅಮೆರಿಕದ ವಾಲ್ಟರ್ ರೀಡ್ ಸೈನಿಕ ಸಂಶೋಧನಾ ಸಂಸ್ಥೆಯಲ್ಲಿ ಸಾಕಿದ್ದ ಚಿಂಪಾಂಜಿಗಳಿಗೆ ನೆಗಡಿಯಂತಹ ಕಾಯಿಲೆ ಬಂದಾಗ ಅದಕ್ಕೆ ಕಾರಣವಾದ ವೈರಾಣುವನ್ನು ಪ್ರತ್ಯೇಕಿಸಲಾಯಿತು. ಈ ಸಂಶೋಧನೆ 1956ರಲ್ಲಿ ಪ್ರಕಟವಾಯಿತು. ಮರುವರ್ಷವೇ ರಾಬರ್ಟ್ ಚಾನಕ್ ಮತ್ತು ಅವರ ಸಹೋದ್ಯೋಗಿಗಳು ಬಾಲ್ಟಿಮೋರ್ ನಗರದ ಶಿಶುಗಳಲ್ಲಿ ಅದೇ ವೈರಾಣುವನ್ನು ಕಂಡರು. ಸೋಂಕು ತಗುಲಿದ ಕೋಶವು ಪಕ್ಕದ ಕೋಶಗಳೊಂದಿಗೆ ಬೆಸೆದುಕೊಂಡು, ಹಲವು ಕೋಶಕೇಂದ್ರಗಳುಳ್ಳ ಒಂದು ದೊಡ್ಡ ಕೋಶವಾಗಿ ಬಿಡುತ್ತದೆ. ಇಂತಹ ಕೋಶಕ್ಕೆ ಜೀವವಿಜ್ಞಾನದಲ್ಲಿ ಸಿನ್ಸಿಷಿಯಂ ಎಂದು ಹೆಸರು. ವೈರಾಣುವಿಗೆ ಹೆಸರು ಬಂದಿರುವುದು ಇದರಿಂದಲೇ. ಕೋಶಗಳನ್ನು ಹೀಗೆ ಬೆಸೆಯುವುದು ಕೂಡ ಎಫ್ ಪ್ರೋಟೀನಿನ ಕಾರ್ಯವೇ ಆಗಿದೆ.

ವೈರಾಣುವು ನ್ಯೂಮೋವಿರಿಡೇ ಕುಟುಂಬಕ್ಕೆ ಸೇರಿದೆ. ಇದರ ಆನುವಂಶಿಕ ದ್ರವ್ಯವು ಸುಮಾರು 15,200 ನ್ಯೂಕ್ಲಿಯೋಟೈಡುಗಳುಳ್ಳ ಒಂಟಿ ಎಳೆಯ ಆರ್‌ಎನ್‌ಎ ಆಗಿದ್ದು, ಅದರಲ್ಲಿರುವ 10 ಜೀನುಗಳು 11 ಪ್ರೋಟೀನುಗಳನ್ನು ರೂಪಿಸುತ್ತವೆ. ಇವುಗಳಲ್ಲಿ ಎಫ್, ಜಿ ಮತ್ತು ಎಸ್‌ಎಚ್ ಎಂಬ ಮೂರು ಪ್ರೋಟೀನುಗಳು ಮಾತ್ರ ಹೊರಮೈಯಲ್ಲಿ ಕಾಣಿಸಿಕೊಳ್ಳುತ್ತವೆ. ಎ ಮತ್ತು ಬಿ ಎಂಬ ಎರಡು ಉಪಗುಂಪುಗಳ ವೈರಾಣುಗಳು ಮನುಷ್ಯರಲ್ಲಿ ಹರಡುತ್ತವೆ.

ಎರಡು ವರ್ಷ ತುಂಬುವುದರೊಳಗೆ ಬಹುತೇಕ ಎಲ್ಲ ಮಕ್ಕಳಿಗೂ ಒಮ್ಮೆಯಾದರೂ ಈ ಸೋಂಕು ತಗುಲುತ್ತದೆ. ಹೆಚ್ಚಿನ ಮಕ್ಕಳಲ್ಲಿ ಅದು ನೆಗಡಿ, ಕೆಮ್ಮು, ಜ್ವರಗಳಲ್ಲಿ ಮುಗಿದುಹೋಗುತ್ತದೆ. ಆದರೆ ಎಳೆಯ ಶಿಶುಗಳಲ್ಲಿ, ಅದರಲ್ಲೂ ಆರು ತಿಂಗಳಿಗಿಂತ ಚಿಕ್ಕವರಲ್ಲಿ, ಸೋಂಕು ಶ್ವಾಸಕೋಶದ ಅತಿ ಕಿರಿದಾದ ಗಾಳಿನಾಳಗಳಿಗೆ ಇಳಿಯಬಹುದು. ಆಗ ನಾಳಗಳ ಒಳಗೋಡೆ ಊದಿಕೊಂಡು, ಲೋಳೆ ತುಂಬಿ, ಗಾಳಿಯ ಹಾದಿ ಕಟ್ಟಿಕೊಳ್ಳುತ್ತದೆ. ಮಗು ವೇಗವಾಗಿ ಉಸಿರಾಡುತ್ತದೆ. ಉಸಿರೆಳೆದಾಗ ಪಕ್ಕೆಗಳ ಕೆಳಗೆ ಚರ್ಮವು ಒಳಕ್ಕೆ ಸೆಳೆದುಕೊಳ್ಳುತ್ತದೆ. ಹಾಲು ಕುಡಿಯಲಾರದೆ ಸೋಲುತ್ತದೆ. ಈ ಸ್ಥಿತಿಗೆ ಬ್ರಾಂಕಿಯೋಲೈಟಿಸ್ ಎಂದು ಹೆಸರು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳು, ಹುಟ್ಟಿನಿಂದಲೇ ಹೃದಯದ ಅಥವಾ ಶ್ವಾಸಕೋಶದ ತೊಂದರೆಯಿರುವ ಮಕ್ಕಳು, ವೃದ್ಧರು ಹಾಗೂ ರೋಗನಿರೋಧಕ ಶಕ್ತಿ ಕುಂದಿದವರು ಹೆಚ್ಚಿನ ಅಪಾಯದಲ್ಲಿರುತ್ತಾರೆ.

2019ನೇ ವರ್ಷಕ್ಕೆ ಮಾಡಲಾದ ಜಾಗತಿಕ ಅಂದಾಜಿನಂತೆ, ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಆರ್‌ಎಸ್‌ವಿಯಿಂದ 3.3 ಕೋಟಿ ಕೆಳ ಶ್ವಾಸಾಂಗ ಸೋಂಕುಗಳು ಸಂಭವಿಸಿದವು. 36 ಲಕ್ಷ ಮಕ್ಕಳು ಆಸ್ಪತ್ರೆ ಸೇರಬೇಕಾಯಿತು. ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಮೃತಪಟ್ಟರು. ಈ ಸಾವುಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸಂಭವಿಸಿದವು. ಒಮ್ಮೆ ಬಂದ ಸೋಂಕಿನಿಂದ ಶಾಶ್ವತ ರಕ್ಷಣೆ ದೊರೆಯುವುದಿಲ್ಲ. ಜೀವನದುದ್ದಕ್ಕೂ ಮತ್ತೆ ಮತ್ತೆ ಸೋಂಕು ತಗುಲಬಹುದು.

ರಚನೆ

ಎಫ್ ಪ್ರೋಟೀನು ಮೊದಲಿಗೆ 574 ಅಮೈನೋ ಆಮ್ಲಗಳ ಒಂದೇ ಸರಪಳಿಯಾಗಿ ಕೋಶದೊಳಗೆ ತಯಾರಾಗುತ್ತದೆ. ಈ ಪೂರ್ವರೂಪವನ್ನು ಎಫ್0 ಎನ್ನುತ್ತಾರೆ. ಮನುಷ್ಯನ ಕೋಶದಲ್ಲೇ ಇರುವ ಫ್ಯೂರಿನ್ ಎಂಬ ಕಿಣ್ವವು ಈ ಸರಪಳಿಯನ್ನು ಎರಡು ಜಾಗಗಳಲ್ಲಿ ಕತ್ತರಿಸುತ್ತದೆ. ನಡುವಿನ 27 ಅಮೈನೋ ಆಮ್ಲಗಳ ತುಣುಕು ಬೇರ್ಪಡುತ್ತದೆ. ಉಳಿದ ಎಫ್1 ಮತ್ತು ಎಫ್2 ಎಂಬ ಭಾಗಗಳು ಗಂಧಕದ ಪರಮಾಣುಗಳ ನಡುವಣ ಡೈಸಲ್ಫೈಡ್ ಬಂಧಗಳಿಂದ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಇಂತಹ ಮೂರು ಜೋಡಿಗಳು ಸೇರಿ ಒಂದು ಪೂರ್ಣ ಎಫ್ ಪ್ರೋಟೀನ್ ಆಗುತ್ತದೆ. ಆದ್ದರಿಂದ ಇದು ಮೂರು ಘಟಕಗಳುಳ್ಳ ರಚನೆ.

ಎಫ್1 ಭಾಗದ ತುದಿಯಲ್ಲಿ ನೀರನ್ನು ಒಲ್ಲದ, ಕೊಬ್ಬಿನ ಪೊರೆಯಲ್ಲಿ ಸುಲಭವಾಗಿ ನಾಟಿಕೊಳ್ಳುವ ಒಂದು ತುಣುಕಿದೆ. ಇದನ್ನು ಸಮ್ಮಿಳನ ಪೆಪ್ಟೈಡ್ ಎನ್ನುತ್ತಾರೆ. ಪ್ರವೇಶಕ್ಕೆ ಮುನ್ನ ಈ ತುಣುಕು ಪ್ರೋಟೀನಿನ ಒಡಲೊಳಗೆ ಅಡಗಿರುತ್ತದೆ.

ಹೊರಮೈಯ ಇನ್ನೊಂದು ದೊಡ್ಡ ಪ್ರೋಟೀನಾದ ಜಿ, ವೈರಾಣುವು ಕೋಶಕ್ಕೆ ಅಂಟಿಕೊಳ್ಳಲು ನೆರವಾಗುತ್ತದೆ. ಜಿ ಪ್ರೋಟೀನಿನ ರಚನೆಯು ಎ ಮತ್ತು ಬಿ ಉಪಗುಂಪುಗಳಲ್ಲಿ ಬಹಳ ಭಿನ್ನವಾಗಿದೆ. ಎಫ್ ಪ್ರೋಟೀನಿನ ಅಮೈನೋ ಆಮ್ಲಗಳ ಅನುಕ್ರಮವಾದರೋ ಎರಡೂ ಉಪಗುಂಪುಗಳಲ್ಲಿ ಸುಮಾರು ನೂರಕ್ಕೆ 90ರಷ್ಟು ಒಂದೇ ಆಗಿದೆ. ಎಫ್ ಇಲ್ಲದೆ ವೈರಾಣು ಕೋಶದೊಳಕ್ಕೆ ಹೋಗಲಾರದು. ಅದು ಹೆಚ್ಚು ಬದಲಾಗುವುದೂ ಇಲ್ಲ. ಈ ಎರಡು ಕಾರಣಗಳಿಂದ ಲಸಿಕೆ ಮತ್ತು ಔಷಧಗಳ ಸಂಶೋಧಕರು ಎಫ್ ಪ್ರೋಟೀನನ್ನೇ ಮುಖ್ಯ ಗುರಿಯಾಗಿ ಆರಿಸಿಕೊಂಡರು.

ಸಮ್ಮಿಳನ ಕ್ರಿಯೆ

ಪ್ರವೇಶಕ್ಕೆ ಮುಂಚಿನ ರೂಪವನ್ನು ಸಮ್ಮಿಳನಪೂರ್ವ ರೂಪವೆಂದೂ ನಂತರದ ರೂಪವನ್ನು ಸಮ್ಮಿಳನೋತ್ತರ ರೂಪವೆಂದೂ ಕರೆಯಬಹುದು. ಸಮ್ಮಿಳನಪೂರ್ವ ರೂಪವು ಗಿಡ್ಡಗೆ, ದುಂಡಗೆ ಇರುತ್ತದೆ. ಅದರಲ್ಲಿ ಶಕ್ತಿಯು ಬಿಗಿದ ಸ್ಪ್ರಿಂಗಿನಲ್ಲಿರುವಂತೆ ಸಂಚಿತವಾಗಿರುತ್ತದೆ. ಪ್ರಚೋದನೆ ದೊರೆತೊಡನೆ ಪ್ರೋಟೀನಿನ ಮಡಿಕೆಗಳು ಬಿಚ್ಚಿಕೊಂಡು ಉದ್ದನೆಯ ಸುರುಳಿಯಾಗುತ್ತವೆ. ಅಡಗಿದ್ದ ಸಮ್ಮಿಳನ ಪೆಪ್ಟೈಡ್ ಮುಂದಕ್ಕೆ ಚಿಮ್ಮಿ ಎದುರಿನ ಜೀವಕೋಶದ ಪೊರೆಗೆ ನಾಟಿಕೊಳ್ಳುತ್ತದೆ. ಪ್ರೋಟೀನಿನ ಇನ್ನೊಂದು ತುದಿ ವೈರಾಣುವಿನ ಪೊರೆಯಲ್ಲೇ ನೆಟ್ಟಿರುತ್ತದೆ. ಬಳಿಕ ಈ ನೀಳ ರಚನೆಯು ನಡುವಿನಲ್ಲಿ ಮಡಚಿಕೊಳ್ಳುತ್ತದೆ. ಮೂರು ಘಟಕಗಳಿಂದ ತಲಾ ಎರಡರಂತೆ ಆರು ಸುರುಳಿಗಳು ಒಂದು ಕಟ್ಟಾಗಿ ಬಿಗಿದುಕೊಳ್ಳುತ್ತವೆ. ಹೀಗೆ ಮಡಚಿಕೊಳ್ಳುವಾಗ ಎರಡೂ ಪೊರೆಗಳು ಒಂದರ ಹತ್ತಿರಕ್ಕೆ ಒಂದು ಎಳೆಯಲ್ಪಟ್ಟು ಬೆಸೆದುಹೋಗುತ್ತವೆ.

ಈ ಬದಲಾವಣೆ ಏಕಮುಖವಾದುದು. ಕರ್ಣಕುಂಡಲ ಗಿಡದ ಮಾಗಿದ ಕಾಯಿ ಮುಟ್ಟಿದೊಡನೆ ಸಿಡಿದು ಸುರುಳಿಯಾಗುತ್ತದೆ, ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಎಫ್ ಪ್ರೋಟೀನೂ ಹಾಗೆಯೇ ಒಮ್ಮೆ ಸಮ್ಮಿಳನೋತ್ತರ ರೂಪಕ್ಕೆ ಬಂದರೆ ಹಿಂದಿರುಗಲಾರದು. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಯಾವ ಕೋಶವನ್ನೂ ಮುಟ್ಟದೆಯೂ ಸಮ್ಮಿಳನಪೂರ್ವ ರೂಪವು ತಾನಾಗಿ ಸಿಡಿದು ಬದಲಾಗಿಬಿಡಬಲ್ಲದು. ಶಾಖ, ರಾಸಾಯನಿಕ ಸಂಸ್ಕರಣೆ, ಶುದ್ಧೀಕರಣದ ಕ್ರಮಗಳು ಈ ಬದಲಾವಣೆಯನ್ನು ತ್ವರಿತಗೊಳಿಸುತ್ತವೆ. ಪ್ರಯೋಗಶಾಲೆಯಲ್ಲಿ ಶುದ್ಧೀಕರಿಸಿದ ಎಫ್ ಪ್ರೋಟೀನು ಬಹುಪಾಲು ಸಮ್ಮಿಳನೋತ್ತರ ರೂಪದಲ್ಲೇ ಕೈಗೆ ಸಿಗುತ್ತಿದ್ದುದಕ್ಕೆ ಇದೇ ಕಾರಣ.

1960ರ ದಶಕದ ಲಸಿಕೆ ಪ್ರಯೋಗ

ಪೋಲಿಯೋ ರೋಗದ ವಿರುದ್ಧ ಸಾಲ್ಕ್ ಲಸಿಕೆಯು ಯಶಸ್ವಿಯಾದ ಬಳಿಕ, ಅದೇ ವಿಧಾನದಲ್ಲಿ ಆರ್‌ಎಸ್‌ವಿಗೂ ಲಸಿಕೆ ತಯಾರಿಸಲಾಯಿತು. ವೈರಾಣುವನ್ನು ಫಾರ್ಮಲಿನ್‌ನಿಂದ ನಿರ್ಜೀವಗೊಳಿಸಿ, ಆಲಂ ಎಂಬ ಅಲ್ಯೂಮಿನಿಯಂ ಸಂಯುಕ್ತದೊಂದಿಗೆ ಬೆರೆಸಿ, 1966ರಲ್ಲಿ ಅಮೆರಿಕದಲ್ಲಿ ಶಿಶುಗಳಿಗೂ ಚಿಕ್ಕ ಮಕ್ಕಳಿಗೂ ಕೊಡಲಾಯಿತು. ಮುಂದಿನ ಚಳಿಗಾಲದಲ್ಲಿ ಸಹಜವಾಗಿ ಸೋಂಕು ಹರಡಿದಾಗ ನಿರೀಕ್ಷೆಗೆ ತದ್ವಿರುದ್ಧವಾದ ಫಲಿತಾಂಶ ಕಂಡುಬಂದಿತು. ವಾಷಿಂಗ್ಟನ್‌ನಲ್ಲಿ ನಡೆದ ಅಧ್ಯಯನವೊಂದರಲ್ಲಿ, ಲಸಿಕೆ ಪಡೆದು ಸೋಂಕಿಗೊಳಗಾದ ಶಿಶುಗಳಲ್ಲಿ ನೂರಕ್ಕೆ 80ರಷ್ಟು ಮಂದಿ ಆಸ್ಪತ್ರೆ ಸೇರಬೇಕಾಯಿತು. ಈ ಲಸಿಕೆಯನ್ನು ಪಡೆಯದೆ ಸೋಂಕಿಗೊಳಗಾದವರಲ್ಲಿ ಈ ಪ್ರಮಾಣ ನೂರಕ್ಕೆ 5 ಮಾತ್ರ ಇತ್ತು. ಲಸಿಕೆ ಪಡೆದ ಇಬ್ಬರು ಮಕ್ಕಳು ಮೃತಪಟ್ಟರು. ಈ ವಿವರಗಳು 1969ರಲ್ಲಿ ಪ್ರಕಟವಾದವು.

ಈ ದುರಂತದ ನಂತರ ಶಿಶುಗಳಿಗೆ ಆರ್‌ಎಸ್‌ವಿ ಲಸಿಕೆ ತಯಾರಿಸುವ ಕೆಲಸ ದಶಕಗಳ ಕಾಲ ಹಿಂದೆಬಿದ್ದಿತು. ಲಸಿಕೆಯು ರೋಗವನ್ನು ಏಕೆ ಉಲ್ಬಣಗೊಳಿಸಿತು ಎಂಬ ಪ್ರಶ್ನೆಗೆ ಉತ್ತರ ಕ್ರಮೇಣ ದೊರೆಯಿತು. ಆ ಲಸಿಕೆಯಿಂದ ಪ್ರತಿಕಾಯಗಳು ಹುಟ್ಟಿದ್ದವಾದರೂ ಅವು ವೈರಾಣುವಿಗೆ ಸಡಿಲವಾಗಿ ಅಂಟಿಕೊಳ್ಳುತ್ತಿದ್ದವೇ ಹೊರತು ಅದನ್ನು ನಿಷ್ಕ್ರಿಯಗೊಳಿಸುತ್ತಿರಲಿಲ್ಲ. ವೈರಾಣು ಮತ್ತು ಪ್ರತಿಕಾಯಗಳ ಕೂಟಗಳು ಶ್ವಾಸಕೋಶದಲ್ಲಿ ಶೇಖರಗೊಂಡು ಉರಿಯೂತವನ್ನು ಹೆಚ್ಚಿಸಿದವು. ದೇಹದ ಟಿ ಕೋಶಗಳ ಪ್ರತಿಕ್ರಿಯೆಯೂ ಅಲರ್ಜಿಯ ಸ್ವರೂಪದತ್ತ ವಾಲಿತ್ತು. ಫಾರ್ಮಲಿನ್ ಸಂಸ್ಕರಣೆಗೆ ಒಳಗಾದ ಆ ಬಗೆಯ ಲಸಿಕೆಯಲ್ಲಿದ್ದ ಎಫ್ ಪ್ರೋಟೀನು ಸಮ್ಮಿಳನೋತ್ತರ ರೂಪದಲ್ಲಿರುತ್ತದೆಂದು ಮುಂದೆ ತೋರಿಸಲಾಯಿತು. ಅಂದರೆ ಶತ್ರುವು ಒಳನುಗ್ಗಿದ ಮೇಲೆ ಬಿಟ್ಟುಹೋಗುವ ರೂಪವನ್ನು ಲಸಿಕೆಯು ದೇಹಕ್ಕೆ ಪರಿಚಯಿಸಿತ್ತು. ಒಳನುಗ್ಗುವ ಮುನ್ನ ಇರುವ ರೂಪವನ್ನು ಪರಿಚಯಿಸಿರಲಿಲ್ಲ.

ಆರಂಭದ ಪ್ರತಿಕಾಯ ಚಿಕಿತ್ಸೆಗಳು

ಲಸಿಕೆ ಸಾಧ್ಯವಾಗದಿದ್ದಾಗ, ಸಿದ್ಧ ಪ್ರತಿಕಾಯಗಳನ್ನು ಹೊರಗಿನಿಂದ ಕೊಡುವ ದಾರಿಯನ್ನು ಸಂಶೋಧಕರು ಹಿಡಿದರು. ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಮಿಶ್ರಣವೊಂದಕ್ಕೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 1998ರಲ್ಲಿ ಪಾಲಿವಿಜುಮ್ಯಾಬ್ ಎಂಬ ಮಾನೋಕ್ಲೋನಲ್ ಪ್ರತಿಕಾಯವು ಅದರ ಸ್ಥಾನವನ್ನು ತುಂಬಿತು. ಮಾನೋಕ್ಲೋನಲ್ ಪ್ರತಿಕಾಯವೆಂದರೆ ಒಂದೇ ಬಗೆಯ ಕೋಶಗಳಿಂದ ಉತ್ಪಾದಿಸಿದ, ಒಂದೇ ಗುರಿಯನ್ನು ಗುರುತಿಸುವ ಪ್ರತಿಕಾಯ. ಪಾಲಿವಿಜುಮ್ಯಾಬ್ ಎಫ್ ಪ್ರೋಟೀನಿನ ಎರಡನೇ ತಾಣವೆಂದು ಕರೆಯುವ ಭಾಗಕ್ಕೆ ಅಂಟಿಕೊಳ್ಳುತ್ತದೆ. ಈ ತಾಣವು ಪ್ರೋಟೀನಿನ ಎರಡೂ ರೂಪಗಳಲ್ಲಿ ಉಳಿದಿರುತ್ತದೆ.

1,502 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಪಾಲಿವಿಜುಮ್ಯಾಬ್ ಆಸ್ಪತ್ರೆ ದಾಖಲಾತಿಯನ್ನು ನೂರಕ್ಕೆ 55ರಷ್ಟು ತಗ್ಗಿಸಿತು. ಆದರೆ ದೇಹದಲ್ಲಿ ಅದು ಹೆಚ್ಚು ಕಾಲ ಉಳಿಯದ ಕಾರಣ ಸೋಂಕಿನ ಋತುವಿನಲ್ಲಿ ಪ್ರತಿ ತಿಂಗಳೂ ಚುಚ್ಚುಮದ್ದು ಕೊಡಬೇಕಾಗುತ್ತಿತ್ತು. ಬೆಲೆಯೂ ಅಧಿಕವಾಗಿತ್ತು. ಹೀಗಾಗಿ ಅದರ ಬಳಕೆ ಅವಧಿಪೂರ್ವದಲ್ಲಿ ಹುಟ್ಟಿದವರಂತಹ ಹೆಚ್ಚು ಅಪಾಯದ ಶಿಶುಗಳಿಗೆ, ಅದೂ ಮುಖ್ಯವಾಗಿ ಸಿರಿವಂತ ದೇಶಗಳಲ್ಲಿ, ಸೀಮಿತವಾಯಿತು.

ಸಮ್ಮಿಳನಪೂರ್ವ ರೂಪದ ಪತ್ತೆ

ಸೋಂಕಿನಿಂದ ಚೇತರಿಸಿಕೊಂಡವರ ರಕ್ತದಲ್ಲಿ ವೈರಾಣುವನ್ನು ನಿಷ್ಕ್ರಿಯಗೊಳಿಸುವ ಪ್ರಬಲ ಪ್ರತಿಕಾಯಗಳಿರುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವು ಶುದ್ಧೀಕರಿಸಿದ ಸಮ್ಮಿಳನೋತ್ತರ ಎಫ್ ಪ್ರೋಟೀನಿಗೆ ಅಂಟಿಕೊಳ್ಳುತ್ತಿರಲಿಲ್ಲ. ಹಾಗಾದರೆ ಅವು ಗುರುತಿಸುವುದು ಯಾವುದನ್ನು ಎಂಬ ಪ್ರಶ್ನೆ ಎದುರಾಯಿತು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಲಸಿಕೆ ಸಂಶೋಧನಾ ಕೇಂದ್ರದಲ್ಲಿ ವೈರಾಣುತಜ್ಞ ಬಾರ್ನಿ ಗ್ರಹಾಂ, ರಚನಾ ಜೀವವಿಜ್ಞಾನಿಗಳಾದ ಪೀಟರ್ ಕ್ವಾಂಗ್ ಮತ್ತು ಜೇಸನ್ ಮೆಕ್‌ಲೆಲನ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರಿಗೆ ನೆರವಾದುದು ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಪ್ರತ್ಯೇಕಿಸಿದ್ದ ಡಿ25 ಎಂಬ ಮಾನವ ಪ್ರತಿಕಾಯ. ಇದು ಪಾಲಿವಿಜುಮ್ಯಾಬ್‌ಗಿಂತ ಹಲವು ಪಟ್ಟು ಪ್ರಬಲವಾಗಿದ್ದು, ಸಮ್ಮಿಳನಪೂರ್ವ ರೂಪವನ್ನು ಮಾತ್ರ ಗುರುತಿಸುತ್ತಿತ್ತು. ಚೀನಾದ ಶಿಯಾಮೆನ್ ವಿಶ್ವವಿದ್ಯಾಲಯದ ಸಂಶೋಧಕರ 5ಸಿ4 ಎಂಬ ಪ್ರತಿಕಾಯವೂ ಇದೇ ಬಗೆಯದು. ಡಿ25 ಅಂಟಿಕೊಂಡಾಗ ಎಫ್ ಪ್ರೋಟೀನು ಸಿಡಿಯದೆ ಮೊದಲಿನ ರೂಪದಲ್ಲೇ ನಿಲ್ಲುತ್ತಿತ್ತು. ಅಲ್ಲಾಡುವ ವಸ್ತುವನ್ನು ಹಿಡಿದು ನಿಲ್ಲಿಸಿ ಅದರ ಚಿತ್ರ ತೆಗೆದಂತೆ, ಪ್ರತಿಕಾಯದೊಂದಿಗೆ ಕೂಡಿದ ಪ್ರೋಟೀನನ್ನು ಹರಳುಗಟ್ಟಿಸಿ, ಕ್ಷಕಿರಣ ಸ್ಫಟಿಕಶಾಸ್ತ್ರದ ವಿಧಾನದಿಂದ ಅದರ ರಚನೆಯನ್ನು ನಿರ್ಧರಿಸಲಾಯಿತು. ಇದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಡಿ25 ಅಂಟಿಕೊಂಡಿದ್ದ ಜಾಗವು ದುಂಡನೆಯ ಪ್ರೋಟೀನಿನ ನೆತ್ತಿಯ ಮೇಲಿತ್ತು. ಅದನ್ನು ಸೊನ್ನೆಯ ತಾಣ ಎಂದು ಕರೆದರು. ಪ್ರೋಟೀನು ಸಮ್ಮಿಳನೋತ್ತರ ರೂಪಕ್ಕೆ ತಿರುಗಿದಾಗ ಈ ತಾಣವು ಸಂಪೂರ್ಣವಾಗಿ ಕಣ್ಮರೆಯಾಗುತ್ತದೆ. ಮಾನವರ ರಕ್ತದಲ್ಲಿರುವ, ವೈರಾಣುವನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳಲ್ಲಿ ಬಹುಪಾಲು ಸಮ್ಮಿಳನಪೂರ್ವ ರೂಪದ ಕಡೆಗೇ ಗುರಿಯಿಟ್ಟಿವೆ ಎಂಬುದು ಮುಂದಿನ ಅಧ್ಯಯನಗಳಲ್ಲಿ ದೃಢಪಟ್ಟಿತು.

ರೂಪವನ್ನು ಸ್ಥಿರಗೊಳಿಸುವಿಕೆ

ರಚನೆಯನ್ನು ಕಂಡ ಮೇಲೆ, ಪ್ರತಿಕಾಯದ ನೆರವಿಲ್ಲದೆಯೂ ಪ್ರೋಟೀನು ಆ ರೂಪದಲ್ಲೇ ಉಳಿಯುವಂತೆ ಮಾಡಬೇಕಾಗಿತ್ತು. ಅದೇ ತಂಡವು 2013ರ ಕೊನೆಯಲ್ಲಿ ಇದನ್ನೂ ಸಾಧಿಸಿತು. ಬಿಚ್ಚಿಕೊಳ್ಳುವ ಭಾಗವನ್ನು ಬಿಚ್ಚಿಕೊಳ್ಳದ ಭಾಗಕ್ಕೆ ಕಟ್ಟಿಹಾಕಲು 155 ಮತ್ತು 290ನೆಯ ಸ್ಥಾನಗಳಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಇರಿಸಿ ಹೊಸ ಡೈಸಲ್ಫೈಡ್ ಬಂಧವೊಂದನ್ನು ನಿರ್ಮಿಸಲಾಯಿತು. ಪ್ರೋಟೀನಿನ ಒಳಗಿದ್ದ ಪೊಳ್ಳು ಜಾಗಗಳನ್ನು ತುಂಬಲು 190 ಮತ್ತು 207ನೆಯ ಸ್ಥಾನಗಳಲ್ಲಿ ದೊಡ್ಡ ಗಾತ್ರದ ಅಮೈನೋ ಆಮ್ಲಗಳನ್ನು ಇರಿಸಲಾಯಿತು. ಮೂರು ಘಟಕಗಳು ಅಗಲದಂತೆ ಬುಡದಲ್ಲಿ ಒಂದು ಜೋಡಣೆಯ ತುಣುಕನ್ನು ಸೇರಿಸಲಾಯಿತು. ಹೀಗೆ ರೂಪುಗೊಂಡ ಪ್ರೋಟೀನಿಗೆ ಡಿಎಸ್-ಕ್ಯಾವ್1 ಎಂಬ ಹೆಸರು ಬಂತು.

ಇದನ್ನು ಪ್ರಾಣಿಗಳಿಗೆ ಕೊಟ್ಟಾಗ ಸಮ್ಮಿಳನೋತ್ತರ ರೂಪದ ಪ್ರೋಟೀನಿಗಿಂತ ಹಲವು ಪಟ್ಟು ಹೆಚ್ಚು ರಕ್ಷಕ ಪ್ರತಿಕಾಯಗಳು ಹುಟ್ಟಿದವು. ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆಯ ಫಲಿತಾಂಶ 2019ರಲ್ಲಿ ಹೊರಬಂದಾಗ, ಒಂದೇ ಚುಚ್ಚುಮದ್ದಿನಿಂದ ವೈರಾಣುವನ್ನು ನಿಷ್ಕ್ರಿಯಗೊಳಿಸುವ ಸಾಮರ್ಥ್ಯವು ಹತ್ತು ಪಟ್ಟಿಗಿಂತ ಹೆಚ್ಚಾದುದು ಕಂಡುಬಂತು. ಈ ನಡುವೆ 2016ರಲ್ಲಿ, ಸಮ್ಮಿಳನಪೂರ್ವ ರೂಪದಲ್ಲಿ ಸ್ಥಿರಗೊಳಿಸದ ಎಫ್ ಪ್ರೋಟೀನಿನಿಂದ ನೊವಾವ್ಯಾಕ್ಸ್ ಕಂಪನಿ ತಯಾರಿಸಿದ್ದ ಲಸಿಕೆಯು ವೃದ್ಧರ ಮೇಲಿನ ದೊಡ್ಡ ಪರೀಕ್ಷೆಯಲ್ಲಿ ವಿಫಲವಾಗಿತ್ತು.

ಚಿಕಿತ್ಸೆ ಮತ್ತು ತಡೆಯಲ್ಲಿ ಬಳಕೆ

ದೀರ್ಘಕಾಲ ಉಳಿಯುವ ಪ್ರತಿಕಾಯಗಳು: ನಿರ್ಸೆವಿಮ್ಯಾಬ್ ಎಂಬ ಪ್ರತಿಕಾಯವನ್ನು ಡಿ25ರಿಂದ ಅಭಿವೃದ್ಧಿಪಡಿಸಲಾಗಿದ್ದು, ಇದು ಸೊನ್ನೆಯ ತಾಣಕ್ಕೆ ಅಂಟಿಕೊಳ್ಳುತ್ತದೆ. ಪ್ರತಿಕಾಯದ ಬಾಲದ ಭಾಗದಲ್ಲಿ ಮೂರು ಅಮೈನೋ ಆಮ್ಲಗಳನ್ನು ಬದಲಿಸಿರುವುದರಿಂದ ದೇಹವು ಅದನ್ನು ಬೇಗನೆ ಒಡೆದುಹಾಕುವುದಿಲ್ಲ. ಸಾಮಾನ್ಯ ಪ್ರತಿಕಾಯದ ಪ್ರಮಾಣವು ರಕ್ತದಲ್ಲಿ ಸುಮಾರು ಮೂರು ವಾರಗಳಲ್ಲಿ ಅರ್ಧಕ್ಕೆ ಇಳಿದರೆ, ಇದು ಅರ್ಧಕ್ಕೆ ಇಳಿಯಲು ಸುಮಾರು 70 ದಿನಗಳು ಬೇಕು. ಆದ್ದರಿಂದ ಒಂದು ಋತುವಿಗೆ ಒಂದೇ ಚುಚ್ಚುಮದ್ದು ಸಾಕಾಗುತ್ತದೆ. ಯುರೋಪಿನಲ್ಲಿ 2022ರಲ್ಲಿ, ಅಮೆರಿಕದಲ್ಲಿ 2023ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ಆರೋಗ್ಯವಂತ ಶಿಶುಗಳಿಗೂ ಇದನ್ನು ಕೊಡಲಾಗುತ್ತದೆ. ಸ್ಪೇನಿನ ಗಲೀಸಿಯಾ ಪ್ರಾಂತದಲ್ಲಿ 2023-24ರ ಋತುವಿನಲ್ಲಿ ಎಲ್ಲ ಶಿಶುಗಳಿಗೂ ಇದನ್ನು ಒದಗಿಸಿದಾಗ, ಆರ್‌ಎಸ್‌ವಿಯಿಂದ ಆಸ್ಪತ್ರೆ ಸೇರುವುದನ್ನು ತಡೆಯುವಲ್ಲಿ ಇದು ನೂರಕ್ಕೆ 82ರಷ್ಟು ಪರಿಣಾಮಕಾರಿಯಾಗಿರುವುದು ಕಂಡುಬಂತು. ಕ್ಲೆಸ್ರೊವಿಮ್ಯಾಬ್ ಎಂಬ ಇನ್ನೊಂದು ಪ್ರತಿಕಾಯಕ್ಕೆ 2025ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇದು ಎಫ್ ಪ್ರೋಟೀನಿನ ನಾಲ್ಕನೇ ತಾಣವನ್ನು ಹಿಡಿಯುತ್ತದೆ.

ಪ್ರತಿಕಾಯವನ್ನು ಲಸಿಕೆಯೆಂದು ಭಾವಿಸಬಾರದು. ಲಸಿಕೆಯು ದೇಹಕ್ಕೆ ಪ್ರತಿಕಾಯಗಳನ್ನು ತಯಾರಿಸಲು ಕಲಿಸುತ್ತದೆ. ನಿರ್ಸೆವಿಮ್ಯಾಬ್‌ನಂತಹ ಚುಚ್ಚುಮದ್ದು ಸಿದ್ಧವಾದ ಪ್ರತಿಕಾಯವನ್ನೇ ಒದಗಿಸುತ್ತದೆ. ಅದು ಕರಗಿಹೋದೊಡನೆ ರಕ್ಷಣೆಯೂ ಮುಗಿಯುತ್ತದೆ.

ಲಸಿಕೆಗಳು: 2023ರ ಮೇ ತಿಂಗಳಲ್ಲಿ ಜಿಎಸ್‌ಕೆ ಕಂಪನಿಯ ಅರೆಕ್ಸ್‌ವಿ ಮತ್ತು ಫೈಜರ್ ಕಂಪನಿಯ ಅಬ್ರಿಸ್ವೊ ಎಂಬ ಲಸಿಕೆಗಳಿಗೆ 60 ವರ್ಷ ಮತ್ತು ಮೇಲ್ಪಟ್ಟವರ ಬಳಕೆಗಾಗಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಎರಡರಲ್ಲೂ ಇರುವುದು ಸಮ್ಮಿಳನಪೂರ್ವ ರೂಪದಲ್ಲಿ ಸ್ಥಿರಗೊಳಿಸಿದ ಎಫ್ ಪ್ರೋಟೀನ್. 2024ರಲ್ಲಿ ಮಾಡರ್ನಾ ಕಂಪನಿಯ ಲಸಿಕೆಯೂ ಸೇರಿಕೊಂಡಿತು. ಅದರಲ್ಲಿ ಪ್ರೋಟೀನಿನ ಬದಲು, ಅದನ್ನು ತಯಾರಿಸುವ ಸೂಚನೆಯನ್ನು ಹೊತ್ತ ಎಂಆರ್‌ಎನ್‌ಎ ಇರುತ್ತದೆ.

ಅಬ್ರಿಸ್ವೊ ಲಸಿಕೆಯನ್ನು ಗರ್ಭಿಣಿಯರಿಗೂ ಕೊಡಲಾಗುತ್ತದೆ. ತಾಯಿಯ ದೇಹದಲ್ಲಿ ಹುಟ್ಟಿದ ಪ್ರತಿಕಾಯಗಳು ಮಾಸುವಿನ ಮೂಲಕ ಮಗುವಿಗೆ ತಲುಪಿ, ಹುಟ್ಟಿದ ಮೊದಲ ತಿಂಗಳುಗಳಲ್ಲಿ ಅದನ್ನು ಕಾಪಾಡುತ್ತವೆ. ದೊಡ್ಡ ಪರೀಕ್ಷೆಯೊಂದರಲ್ಲಿ ಈ ಕ್ರಮವು ಜನನಾನಂತರದ 90 ದಿನಗಳಲ್ಲಿ ತೀವ್ರ ಸ್ವರೂಪದ ರೋಗವನ್ನು ನೂರಕ್ಕೆ ಸುಮಾರು 82ರಷ್ಟು ತಗ್ಗಿಸಿತು. ಜಿಎಸ್‌ಕೆ ಕಂಪನಿಯ ಗರ್ಭಿಣಿಯರ ಲಸಿಕೆಯ ಪರೀಕ್ಷೆಯಲ್ಲಿ ಅವಧಿಪೂರ್ವ ಹೆರಿಗೆಗಳು ಹೆಚ್ಚಾಗಿ ಕಂಡುಬಂದುದರಿಂದ 2022ರಲ್ಲಿ ಅದನ್ನು ನಿಲ್ಲಿಸಲಾಗಿತ್ತು. ಆದ್ದರಿಂದ ಅಮೆರಿಕದಲ್ಲಿ ಅಬ್ರಿಸ್ವೊವನ್ನು ಮುನ್ನೆಚ್ಚರಿಕೆಯಾಗಿ ಗರ್ಭಾವಸ್ಥೆಯ 32ರಿಂದ 36ನೆಯ ವಾರಗಳಲ್ಲಿ ಮಾತ್ರ ಕೊಡುತ್ತಾರೆ.

ಔಷಧ ಅಣುಗಳು: ಸೋಂಕು ತಗುಲಿದ ನಂತರ ಕೊಡುವ ಔಷಧಗಳ ಕ್ಷೇತ್ರದಲ್ಲಿ ಪ್ರಗತಿ ನಿಧಾನವಾಗಿದೆ. ರೈಬಾವಿರಿನ್ ಎಂಬ ಔಷಧವನ್ನು 1980ರ ದಶಕದಿಂದ ಆವಿಯ ರೂಪದಲ್ಲಿ ಬಳಸಲಾಗಿದ್ದರೂ ಅದರ ಪ್ರಯೋಜನ ಸೀಮಿತ. ಸಮ್ಮಿಳನಪೂರ್ವ ಎಫ್ ಪ್ರೋಟೀನಿನ ನಡುವೆ ಒಂದು ಪೊಳ್ಳು ಜಾಗವಿದೆ. ಅದರೊಳಗೆ ಸೇರಿಕೊಂಡು, ಪ್ರೋಟೀನು ಬಿಚ್ಚಿಕೊಳ್ಳದಂತೆ ತಡೆಯುವ ಸಣ್ಣ ಅಣುಗಳನ್ನು ಸಮ್ಮಿಳನ ಪ್ರತಿಬಂಧಕಗಳೆನ್ನುತ್ತಾರೆ. ಪ್ರೆಸಟೊವಿರ್ ಮುಂತಾದವು ಪರೀಕ್ಷೆಯ ಹಂತದಲ್ಲೇ ಹಿಂದೆಬಿದ್ದವು. ಜಿರೆಸೊವಿರ್ ಎಂಬ ಔಷಧವು ಚೀನಾದಲ್ಲಿ ಆಸ್ಪತ್ರೆ ಸೇರಿದ ಶಿಶುಗಳ ಮೇಲೆ ನಡೆದ ಮೂರನೇ ಹಂತದ ಪರೀಕ್ಷೆಯಲ್ಲಿ ರೋಗಲಕ್ಷಣಗಳನ್ನು ತಗ್ಗಿಸಿತೆಂದು 2024ರಲ್ಲಿ ವರದಿಯಾಯಿತು. ಸದ್ಯದ ಮಟ್ಟಿಗೆ ಬ್ರಾಂಕಿಯೋಲೈಟಿಸ್‌ಗೆ ಆಮ್ಲಜನಕ, ದ್ರವಾಹಾರದ ಪೂರೈಕೆ ಮತ್ತು ಉಸಿರಾಟಕ್ಕೆ ಆಸರೆಯೇ ಮುಖ್ಯ ಆರೈಕೆ. ಇದು ವೈರಾಣುವಿನಿಂದ ಬರುವ ರೋಗವಾದ್ದರಿಂದ ಆ್ಯಂಟಿಬಯೊಟಿಕ್‌ಗಳು ಇದರ ಮೇಲೆ ಕೆಲಸ ಮಾಡುವುದಿಲ್ಲ.

ಇತರ ವೈರಾಣುಗಳ ಅಧ್ಯಯನದ ಮೇಲೆ ಪ್ರಭಾವ

ಎಫ್ ಪ್ರೋಟೀನಿನಂತೆಯೇ ಸಿಡಿದು ರೂಪ ಬದಲಿಸುವ ಪ್ರೋಟೀನುಗಳು ಇನ್‌ಫ್ಲುಯೆಂಜಾ, ಎಚ್‌ಐವಿ ಮತ್ತು ಕೊರೋನಾ ವೈರಾಣುಗಳಲ್ಲೂ ಇವೆ. ಆರ್‌ಎಸ್‌ವಿಯಿಂದ ಕಲಿತ ಪಾಠವನ್ನು ಮೆಕ್‌ಲೆಲನ್, ಗ್ರಹಾಂ ಮತ್ತು ಇತರರು ಕೊರೋನಾ ವೈರಾಣುಗಳ ಸ್ಪೈಕ್ ಪ್ರೋಟೀನಿಗೆ ಅನ್ವಯಿಸಿದರು. ಮರ್ಸ್ ರೋಗದ ವೈರಾಣುವಿನ ಸ್ಪೈಕಿನಲ್ಲಿ, ಪಕ್ಕಪಕ್ಕದ ಎರಡು ಜಾಗಗಳಲ್ಲಿ ಪ್ರೋಲೀನ್ ಎಂಬ ಬಾಗದ ಅಮೈನೋ ಆಮ್ಲವನ್ನು ಇರಿಸಿದರೆ ಸಮ್ಮಿಳನಪೂರ್ವ ರೂಪವು ಸ್ಥಿರವಾಗಿ ಉಳಿಯುತ್ತದೆಂದು 2017ರಲ್ಲಿ ತೋರಿಸಲಾಯಿತು.

ಕೋವಿಡ್-19 ವೈರಾಣುವಿನ ಆನುವಂಶಿಕ ಅನುಕ್ರಮವು 2020ರ ಜನವರಿಯಲ್ಲಿ ಬಹಿರಂಗವಾದಾಗ ಈ ಜ್ಞಾನ ಸಿದ್ಧವಾಗಿತ್ತು. ಅದರ ಸ್ಪೈಕಿನ 986 ಮತ್ತು 987ನೆಯ ಸ್ಥಾನಗಳಲ್ಲಿ ಇದೇ ಬದಲಾವಣೆ ಮಾಡಲಾಯಿತು. ಸ್ಥಿರಗೊಳಿಸಿದ ಸ್ಪೈಕಿನ ರಚನೆಯು ಫೆಬ್ರವರಿಯಲ್ಲೇ ಪ್ರಕಟವಾಯಿತು. ಫೈಜರ್-ಬಯೋಎನ್‌ಟೆಕ್, ಮಾಡರ್ನಾ, ಜಾನ್ಸೆನ್ ಮತ್ತು ನೊವಾವ್ಯಾಕ್ಸ್ ಲಸಿಕೆಗಳಲ್ಲಿ ಈ ಎರಡು ಪ್ರೋಲೀನುಗಳ ಸ್ಪೈಕನ್ನೇ ಬಳಸಲಾಗಿದೆ. ನೊವಾವ್ಯಾಕ್ಸ್ ಲಸಿಕೆಯನ್ನು ಭಾರತದಲ್ಲಿ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಕೋವೊವ್ಯಾಕ್ಸ್ ಎಂಬ ಹೆಸರಿನಲ್ಲಿ ತಯಾರಿಸಿತು.

ಆರ್‌ಎಸ್‌ವಿಯ ಕುಟುಂಬಕ್ಕೇ ಸೇರಿದ ಎಚ್‌ಎಂಪಿವಿ ಎಂಬ ವೈರಾಣುವಿನಲ್ಲೂ ಇಂತಹ ಎಫ್ ಪ್ರೋಟೀನ್ ಇದೆ. 2001ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಗುರುತಿಸಲಾದ ಈ ವೈರಾಣು, 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಶಿಶುಗಳಲ್ಲಿ ಪತ್ತೆಯಾದಾಗ ಕನ್ನಡ ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಗೊಳಗಾಯಿತು. ಅದು ಹೊಸ ವೈರಾಣುವಲ್ಲ. ಅದರ ವಿರುದ್ಧವೂ ಸ್ಥಿರಗೊಳಿಸಿದ ಎಫ್ ಪ್ರೋಟೀನಿನ ಲಸಿಕೆಗಳು ಪರೀಕ್ಷೆಯಲ್ಲಿವೆ.

ಭಾರತದಲ್ಲಿ ಸಂಬಂಧಿಸಿದ ಸಂಶೋಧನೆ

ಪ್ರೋಟೀನುಗಳ ರಚನೆಯ ಅಧ್ಯಯನದಲ್ಲಿ ಭಾರತಕ್ಕೆ ಹಳೆಯ ಸ್ಥಾನವಿದೆ. ಪ್ರೋಟೀನಿನ ಸರಪಳಿಯು ಯಾವ ಕೋನಗಳಲ್ಲಿ ತಿರುಗಲು ಸಾಧ್ಯ ಎಂಬುದನ್ನು ತೋರಿಸುವ ರಾಮಚಂದ್ರನ್ ನಕ್ಷೆಯನ್ನು ಜಿ. ಎನ್. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು 1963ರಲ್ಲಿ ಮದರಾಸಿನಲ್ಲಿ ರೂಪಿಸಿದರು. ನಿರ್ಧರಿಸಿದ ಪ್ರೋಟೀನ್ ರಚನೆ ಸರಿಯಾಗಿದೆಯೇ ಎಂದು ನೋಡಲು ಇಂದಿಗೂ ಈ ನಕ್ಷೆಯನ್ನು ಬಳಸುತ್ತಾರೆ. ರಾಮಚಂದ್ರನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತಶಾಸ್ತ್ರ ವಿಭಾಗವನ್ನು ಸ್ಥಾಪಿಸಿದರು. ಅದೇ ವಿಭಾಗದಲ್ಲಿ ರಾಘವನ್ ವರದರಾಜನ್ ಅವರ ತಂಡವು ಇನ್‌ಫ್ಲುಯೆಂಜಾ ಮತ್ತು ಕೋವಿಡ್-19 ವೈರಾಣುಗಳ ಹೊರಮೈ ಪ್ರೋಟೀನುಗಳನ್ನು ಸ್ಥಿರಗೊಳಿಸುವ ಕೆಲಸ ಮಾಡಿದೆ. ಈ ತಂಡದ ಕೋವಿಡ್ ಲಸಿಕೆ ಪ್ರೋಟೀನು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ತಿಂಗಳು, 100 ಡಿಗ್ರಿಯಲ್ಲಿ 90 ನಿಮಿಷಗಳವರೆಗೆ ಕೆಡದೆ ಉಳಿಯಬಲ್ಲದೆಂದು ವರದಿಯಾಗಿದೆ. ಶೈತ್ಯಾಗಾರದ ಸೌಲಭ್ಯವಿಲ್ಲದ ಹಳ್ಳಿಗಳಿಗೆ ಲಸಿಕೆ ಸಾಗಿಸಲು ಇಂತಹ ಗುಣ ಉಪಯುಕ್ತ.

ಸವಾಲುಗಳು

ವೈರಾಣುವಿನ ಮಾರ್ಪಾಟು ಮೊದಲನೆಯ ಸವಾಲು. ಸುಪ್ಟವುಮ್ಯಾಬ್ ಎಂಬ ಪ್ರತಿಕಾಯವು 2017ರಲ್ಲಿ ಮೂರನೇ ಹಂತದ ಪರೀಕ್ಷೆಯಲ್ಲಿ ವಿಫಲವಾಯಿತು. ಬಿ ಉಪಗುಂಪಿನ ವೈರಾಣುವಿನಲ್ಲಿ 172 ಮತ್ತು 173ನೆಯ ಸ್ಥಾನಗಳ ಎರಡು ಅಮೈನೋ ಆಮ್ಲಗಳು ಬದಲಾಗಿದ್ದುದೇ ಇದಕ್ಕೆ ಕಾರಣ. ಹೆಚ್ಚು ಬದಲಾಗದ ಪ್ರೋಟೀನಿನಲ್ಲೂ ಒಂದೇ ತಾಣವನ್ನು ನೆಚ್ಚುವುದರಲ್ಲಿ ಅಪಾಯವಿದೆ ಎಂಬುದನ್ನು ಇದು ತೋರಿಸಿತು.

ಶಿಶುಗಳಿಗೆ ನೇರವಾಗಿ ಕೊಡುವ ಲಸಿಕೆ ಎರಡನೆಯ ಸವಾಲು. ಹಿಂದೆ ಸೋಂಕು ತಗುಲಿರುವ ವಯಸ್ಕರಲ್ಲಿ ಲಸಿಕೆಯು ಈಗಾಗಲೇ ಇರುವ ನೆನಪನ್ನು ಎಚ್ಚರಿಸುತ್ತದೆ. ಶಿಶುವಿನ ದೇಹಕ್ಕಾದರೋ ಅದೇ ಮೊದಲ ಪರಿಚಯ. 2024ರಲ್ಲಿ ಶಿಶುಗಳ ಮೇಲೆ ನಡೆಯುತ್ತಿದ್ದ ಎಂಆರ್‌ಎನ್‌ಎ ಲಸಿಕೆಯ ಪರೀಕ್ಷೆಯಲ್ಲಿ, ಲಸಿಕೆ ಪಡೆದವರಲ್ಲೇ ತೀವ್ರ ರೋಗದ ಪ್ರಕರಣಗಳು ಹೆಚ್ಚಾಗಿ ಕಂಡುಬಂದುದರಿಂದ ಅದನ್ನು ನಿಲ್ಲಿಸಲಾಯಿತು. ಸಮ್ಮಿಳನಪೂರ್ವ ರೂಪವನ್ನೇ ಬಳಸಿದ್ದರೂ ಹೀಗಾದುದರಿಂದ, ಪ್ರೋಟೀನಿನ ಸರಿಯಾದ ಆಕಾರ ಅಗತ್ಯವೇ ಆದರೂ ಅದೊಂದೇ ಸಾಲದು ಎಂಬ ಅಭಿಪ್ರಾಯಕ್ಕೆ ಬಲ ಬಂದಿದೆ.

ಲಭ್ಯತೆ ಮೂರನೆಯದು. ಮರಣಗಳಲ್ಲಿ ಬಹುಪಾಲು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸಂಭವಿಸಿದರೂ ಹೊಸ ಲಸಿಕೆ ಮತ್ತು ಪ್ರತಿಕಾಯಗಳು ಮೊದಲು ತಲುಪಿರುವುದು ಸಿರಿವಂತ ದೇಶಗಳನ್ನು. ವಿಶ್ವ ಆರೋಗ್ಯ ಸಂಸ್ಥೆಯು 2025ರ ಮಾರ್ಚಿನಲ್ಲಿ ಗರ್ಭಿಣಿಯರ ಲಸಿಕೆಗೆ ಪೂರ್ವಾರ್ಹತೆ ನೀಡಿತು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಅದನ್ನು ಖರೀದಿಸಿ ಹಂಚಲು ಇದರಿಂದ ಅವಕಾಶವಾಗುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ, ಎಲ್ಲ ದೇಶಗಳೂ ಗರ್ಭಿಣಿಯರ ಲಸಿಕೆಯನ್ನಾಗಲಿ ಶಿಶುಗಳ ದೀರ್ಘಕಾಲೀನ ಪ್ರತಿಕಾಯವನ್ನಾಗಲಿ ಬಳಕೆಗೆ ತರಬೇಕೆಂದು ಸಂಸ್ಥೆಯು ಶಿಫಾರಸು ಮಾಡಿತು. ಪ್ರಪಂಚದಲ್ಲೇ ಅತಿ ಹೆಚ್ಚು ಅವಧಿಪೂರ್ವ ಜನನಗಳು ಭಾರತದಲ್ಲಿ ಆಗುತ್ತಿರುವುದರಿಂದ ಈ ಶಿಫಾರಸು ಭಾರತಕ್ಕೆ ವಿಶೇಷವಾಗಿ ಸಂಬಂಧಿಸಿದೆ. ಲಸಿಕೆ ದೊರೆಯದ ಕಡೆಗಳಲ್ಲಿ ಕೈತೊಳೆಯುವುದು, ನೆಗಡಿಯಾದವರು ಎಳೆಯ ಮಕ್ಕಳಿಂದ ದೂರವಿರುವುದು, ಎದೆಹಾಲು ಉಣಿಸುವುದು ಮತ್ತು ಮಗುವನ್ನು ಹೊಗೆಯಿಂದ ದೂರವಿಡುವುದು ಇವೇ ರಕ್ಷಣೆಯ ಕ್ರಮಗಳಾಗಿವೆ.